ಕಪ್ಪು ಮಸಿ ಬಳಿದ ಪುಟಗಳು: ನೆದರ್ಲೆಂಡ್ಸ್ ಶಿಶುಪಾಲನಾ ಭತ್ಯೆ ಪ್ರಕರಣದ ಹಿನ್ನೆಲೆ

ಕೃತಕ ಬುದ್ಧಿಮತ್ತೆಗೆ ಮಾನವೀಯ ಮೌಲ್ಯ ಬೇಕೆಂಬ ಚರ್ಚೆ ಎಲ್ಲೇ ನಡೆಯಲಿ, ನೆದರ್ಲೆಂಡ್ಸ್‌ನ ಶಿಶುಪಾಲನಾ ಭತ್ಯೆ ಹಗರಣದ ಹೆಸರು ಬಂದೇ ಬರುತ್ತದೆ. ‘ಕಂಪ್ಯೂಟರ್ ವಲಸಿಗರನ್ನು ವಂಚಕರೆಂದಿತು, ಸರ್ಕಾರ ಬಿತ್ತು’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವವರೇ ಹೆಚ್ಚು. ಆದರೆ ಆ ಕಂಪ್ಯೂಟರ್ ಬರುವ ಹೊತ್ತಿಗೆ ಅನ್ಯಾಯದ ಅರ್ಧ ಕೆಲಸ ಕಾಗದದ ಮೇಲೇ ಆಗಿಹೋಗಿತ್ತು.

ಯಂತ್ರಕ್ಕೆ ಒಪ್ಪಿಸುವ ಗುರಿ ನಮಗೆ ನಿಜಕ್ಕೂ ಬೇಕಾದ ಗುರಿಯೇ ಎಂದು ಮೊದಲು ನೋಡಿಕೊಳ್ಳಬೇಕೆಂದು ಗಣಿತಜ್ಞ ನಾರ್ಬರ್ಟ್ ವೀನರ್ 1960ರಲ್ಲೇ ಎಚ್ಚರಿಸಿದ್ದರು. ಮುಂದಿನ ಅರ್ಧ ಶತಮಾನ ಆ ಎಚ್ಚರಿಕೆ ಬಹುಮಟ್ಟಿಗೆ ಪಂಡಿತರ ಚರ್ಚೆಯಾಗಿಯೇ ಉಳಿಯಿತು.

ನೆದರ್ಲೆಂಡ್ಸ್‌ನಲ್ಲಿ ದುಡಿಯುವ ತಂದೆತಾಯಿಗೆ ಮಗುವಿನ ಪಾಲನಾ ಕೇಂದ್ರದ ಶುಲ್ಕದಲ್ಲಿ ಒಂದು ಪಾಲನ್ನು ಸರ್ಕಾರ ಕೊಡುತ್ತದೆ. 2005ರಲ್ಲಿ ಬಂದ ವ್ಯವಸ್ಥೆಯಲ್ಲಿ ಅದನ್ನು ವಿತರಿಸುವ ಹೊಣೆ ತೆರಿಗೆ ಇಲಾಖೆಯದು. ಹಣ ಅಂದಾಜಿನ ಮೇಲೆ ಮುಂಗಡವಾಗಿ ಬರುತ್ತದೆ, ಲೆಕ್ಕ ಚುಕ್ತಾ ಆಗುವುದು ಆಮೇಲೆ. 2013ರಲ್ಲಿ ಒಂದು ಜಾಲ ಬಲ್ಗೇರಿಯಾದವರನ್ನು ಕರೆತಂದು, ಸುಳ್ಳು ವಿಳಾಸ ಬರೆಸಿ ಸರ್ಕಾರಿ ಭತ್ಯೆಗಳನ್ನು ಎತ್ತಿದ್ದು ಟಿ.ವಿ. ಸುದ್ದಿಯಾಯಿತು. ಜನ ಸಿಟ್ಟಾದರು. ಸಂಸತ್ತಿನಲ್ಲಿ ಬಿಗಿ ಕ್ರಮದ ಕೂಗೆದ್ದಿತು. ವಂಚನೆ ಹಿಡಿಯಲು ಹೊಸ ತಂಡಗಳು ಹುಟ್ಟಿದವು. ಅರ್ಜಿಯಲ್ಲಿ ತಪ್ಪು ಅಥವಾ ವಂಚನೆಯ ಸಂಭವ ಎಷ್ಟೆಂದು ಅಂದಾಜಿಸಿ ಅಂಕ ಕೊಡುವ, ಹಳೆಯ ಅರ್ಜಿಗಳಿಂದ ಕಲಿಯುವ ತಂತ್ರಾಂಶವೂ ಅದೇ ವರ್ಷ ಕೆಲಸ ಶುರುಮಾಡಿತು.

ಇಲ್ಲಿ ತುಸು ನಿಲ್ಲಬೇಕು. ಕಾನೂನನ್ನು ಆಗ ಓದುತ್ತಿದ್ದ ರೀತಿಯಲ್ಲಿ ಸಣ್ಣ ತಪ್ಪು, ದೊಡ್ಡ ತಪ್ಪು ಎಂಬ ಭೇದವಿರಲಿಲ್ಲ. ಅರ್ಜಿಯಲ್ಲಿ ಒಂದು ಸಹಿ ಬಿಟ್ಟುಹೋಗಿದೆ, ಅಥವಾ ತಾಯಿ ತಾನು ಕಟ್ಟಬೇಕಾದ ಪಾಲಿನಲ್ಲಿ ಕೆಲವು ನೂರು ಯೂರೋ ಬಾಕಿಯಿದೆ ಎನ್ನಿ. ಆ ಬಾಕಿಯಷ್ಟನ್ನು ಕಳೆದು ಉಳಿದದ್ದನ್ನು ಬಿಡುತ್ತಿರಲಿಲ್ಲ. ಇಡೀ ವರ್ಷದ ಭತ್ಯೆಯನ್ನೇ ವಾಪಸ್ ಕೇಳುತ್ತಿದ್ದರು. ಬೇಡಿಕೆ ಹತ್ತಾರು ಸಾವಿರ ಯೂರೋ ಮುಟ್ಟುತ್ತಿತ್ತು. ‘ಉದ್ದೇಶಪೂರ್ವಕ ಅಥವಾ ಘೋರ ನಿರ್ಲಕ್ಷ್ಯ’ ಎಂಬ ಷರಾ ಬಿದ್ದರಂತೂ ಅವರವರ ಶಕ್ತಿಗೆ ತಕ್ಕ ಕಂತಿನ ಸೌಲಭ್ಯವೂ ಇಲ್ಲ. ದೇಶದ ಉನ್ನತ ಆಡಳಿತ ನ್ಯಾಯಾಲಯ ಈ ಓದನ್ನು ಕೈಬಿಟ್ಟದ್ದು 2019ರ ಅಕ್ಟೋಬರ್‌ನಲ್ಲಿ.

ಇಂಥ ಕಾನೂನಿನ ಬಾಗಿಲಲ್ಲಿ ತಂತ್ರಾಂಶವನ್ನು ನಿಲ್ಲಿಸಿದರು. ಅರ್ಜಿದಾರರು ಡಚ್ ಪ್ರಜೆಯೋ ಅಲ್ಲವೋ ಎಂಬುದೂ ಅದರ ಲೆಕ್ಕಕ್ಕೆ ಸೇರಿತ್ತು, 2018ರವರೆಗೂ ಇತ್ತು. ಅಂಕ ಹೆಚ್ಚು ಬಂದ ಕಡತ ಸಿಬ್ಬಂದಿಯ ಮೇಜಿಗೆ ಹೋಗುತ್ತಿತ್ತು, ಆದರೆ ಯಾಕೆ ಬಂತೆಂಬುದು ಅವರಿಗೂ ತಿಳಿಯುತ್ತಿರಲಿಲ್ಲ. ಕಾರಣವೇ ಗೊತ್ತಿಲ್ಲದೆ ಕಡತ ತೆರೆದವರಿಗೆ ಕಾಣುವುದು ಅನುಮಾನ ಮಾತ್ರ. ಯಂತ್ರದ ಮೇಲೆ ಮನುಷ್ಯನ ಉಸ್ತುವಾರಿಯಿದೆ ಎಂದು ಹೇಳಿಕೊಳ್ಳುವ ಪ್ರತಿಯೊಂದು ಕಚೇರಿಯೂ ಈ ಮೇಜನ್ನು ಒಮ್ಮೆ ನೆನೆಯಬೇಕು.

ಪೋಷಕರು ತಮ್ಮ ಕಡತ ಕೊಡಿ ಎಂದು ಕೇಳಿದರು. 2019ರ ಕೊನೆಯಲ್ಲಿ ಕೆಲವರ ಕೈಗೆ ಬಂದ ಕಡತಗಳಲ್ಲಿ ಪುಟಕ್ಕೆ ಪುಟವೇ ಕಪ್ಪು ಮಸಿ. ತಮ್ಮ ಮನೆ ಯಾಕೆ ಮುಳುಗಿತು ಎಂಬುದಕ್ಕೆ ಉತ್ತರವಿರಬೇಕಾದ ಸಾಲುಗಳನ್ನೇ ಮುಚ್ಚಲಾಗಿತ್ತು. ಇಬ್ಬರು ಸಂಸದರು ಮತ್ತು ಟ್ರೌ, ಆರ್‌ಟಿಎಲ್ ಸುದ್ದಿ ಸಂಸ್ಥೆಗಳ ಪತ್ರಕರ್ತರು ಪಟ್ಟು ಬಿಡಲಿಲ್ಲ. 2020ರ ಡಿಸೆಂಬರ್‌ನಲ್ಲಿ ಸಂಸದೀಯ ಸಮಿತಿ ಇದನ್ನು ‘ಹಿಂದೆಂದೂ ಕಾಣದ ಅನ್ಯಾಯ’ ಎಂದು ಕರೆಯಿತು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರನ್ನೂ ಅದು ಹೊಣೆಯಾಗಿಸಿತು. 2021ರ ಜನವರಿ 15ರಂದು ಸಂಪುಟ ರಾಜೀನಾಮೆ ಕೊಟ್ಟಿತು. ನೊಂದ ಪೋಷಕರಿಗೆ ತಲಾ 30,000 ಯೂರೋ ಪರಿಹಾರ ಅದಕ್ಕೂ ಮೊದಲೇ ಘೋಷಣೆಯಾಗಿತ್ತು. ಮೊದಲು 26,000 ಎಂದಿದ್ದ ಸಂತ್ರಸ್ತ ಪೋಷಕರ ಲೆಕ್ಕ ಮುಂದೆ 40,000 ದಾಟಿತು. ಸಂತ್ರಸ್ತ ಕುಟುಂಬಗಳ ಸಾವಿರಕ್ಕೂ ಹೆಚ್ಚು ಮಕ್ಕಳು ಈ ವರ್ಷಗಳಲ್ಲಿ ನ್ಯಾಯಾಲಯದ ಆದೇಶದಿಂದ ಮನೆಯಿಂದ ಹೊರಗೆ ಬೆಳೆಯಬೇಕಾಯಿತು. ಅದನ್ನು ಯಾವ ಪರಿಹಾರ ತುಂಬಿಕೊಟ್ಟೀತು?

ಅದೇ 2021ರಲ್ಲಿ ಯುನೆಸ್ಕೋ ಎಐ ನೈತಿಕತೆಯ ಶಿಫಾರಸು ಅಂಗೀಕರಿಸಿತು. 2024ರಲ್ಲಿ ಐರೋಪ್ಯ ಒಕ್ಕೂಟದ ಎಐ ಕಾಯ್ದೆ ಜಾರಿಗೆ ಬಂತು.

ಇದು ದೂರದ ಕತೆಯೇನಲ್ಲ. ಪಕ್ಕದ ತೆಲಂಗಾಣದಲ್ಲಿ ನಾನಾ ಇಲಾಖೆಗಳ ದತ್ತಾಂಶ ಜೋಡಿಸಿ, ತಂತ್ರಾಂಶದ ಮಾತು ನಂಬಿ ಪಡಿತರ ಚೀಟಿ ರದ್ದುಮಾಡಿದ್ದರು. ರಿಕ್ಷಾ ಎಳೆದು ಬದುಕಿದವರ ಕುಟುಂಬವೊಂದರ ಹೆಸರಿಗೆ, ಹೋಲುವ ಹೆಸರಿನ ಬೇರೊಬ್ಬರ ಕಾರು ಅಂಟಿಕೊಂಡಿತ್ತು. 2016ರಿಂದ ರದ್ದಾದ ಸುಮಾರು 19 ಲಕ್ಷ ಚೀಟಿಗಳನ್ನು ಸ್ಥಳಕ್ಕೆ ಹೋಗಿ ಪರಿಶೀಲಿಸುವಂತೆ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಬೇಕಾಯಿತು.

ನೆದರ್ಲೆಂಡ್ಸ್‌ನಲ್ಲಿ ಪಾಠ ಕಲಿಯುವ ಯತ್ನವೂ ನಡೆಯಿತು. ಆಮ್‌ಸ್ಟರ್‌ಡ್ಯಾಮ್ ನಗರಾಡಳಿತ ಜೀವನಾಧಾರ ಭತ್ಯೆಯ ಅರ್ಜಿಗಳಿಗಾಗಿ ರಾಷ್ಟ್ರೀಯತೆಯನ್ನು ಕೇಳದ, 15 ಅಂಶಗಳ ತಂತ್ರಾಂಶ ರೂಪಿಸಿತು. ಪರೀಕ್ಷಿಸಿದಾಗ ಅದು ವಲಸಿಗರನ್ನು ತಪ್ಪಾಗಿ ಹೆಚ್ಚು ಶಂಕಿಸಿತು. ತಿದ್ದಿದರು. 2023ರಲ್ಲಿ ಪ್ರಯೋಗಕ್ಕೆ ಇಳಿಸಿದಾಗ ಅದರ ಪಕ್ಷಪಾತ ದಿಕ್ಕು ಬದಲಿಸಿ, ಡಚ್ ಪ್ರಜೆಗಳನ್ನೂ ಮಹಿಳೆಯರನ್ನೂ ಹೆಚ್ಚು ಶಂಕಿಸತೊಡಗಿತು. ಸಿಬ್ಬಂದಿಗಿಂತ ಚೆನ್ನಾಗಿ ತಪ್ಪು ಹಿಡಿಯಲೂ ಇಲ್ಲ. ನಗರಾಡಳಿತ ಯೋಜನೆಯನ್ನು ಕೈಬಿಟ್ಟಿತು. ಫಲಾನುಭವಿಗಳ ಪ್ರತಿನಿಧಿ ಮಂಡಳಿ ಪ್ರಯೋಗಕ್ಕೆ ಮೊದಲೇ ಇದಕ್ಕೆ ವಿರೋಧ ಹೇಳಿತ್ತು.