ಮುಟ್ಟು ನಿಂತ ಮೇಲೆ ದಪ್ಪಗಾದರೆ ಗರ್ಭಕೋಶಕ್ಕೆ ಅಪಾಯವೇ?

ಪ್ರಶ್ನೆ: ನನಗೆ 54 ವರ್ಷ. ಮುಟ್ಟು ನಿಂತು ಮೂರು ವರ್ಷವಾಯಿತು. ಆಮೇಲೆ ತೂಕ 14 ಕೆ.ಜಿ. ಏರಿದೆ, ಶುಗರ್ ಕೂಡ ಇದೆ. ದಪ್ಪಗಿರುವವರಿಗೆ ಗರ್ಭಕೋಶದ ಕ್ಯಾನ್ಸರ್ ಬರುತ್ತದಂತೆ, ನಿಜವೇ?

ಉತ್ತರ: ಬಂದೇ ಬರುತ್ತದೆ ಎಂದು ಹೆದರಬೇಡಿ. ಆದರೆ ನಂಟು ಇರುವುದು ನಿಜ. ಹೆಂಗಸರ ಜನನಾಂಗಗಳ ಕ್ಯಾನ್ಸರ್‌ಗಳ ಪೈಕಿ ತೂಕದ ಜೊತೆ ಅತಿ ಗಟ್ಟಿ ಸಂಬಂಧ ಇರುವುದು ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗೇ.

ಮುಟ್ಟು ನಿಂತ ಮೇಲೆ ಅಂಡಾಶಯದಿಂದ ಈಸ್ಟ್ರೋಜೆನ್ ಬರುವುದು ಬಹುಪಾಲು ನಿಲ್ಲುತ್ತದೆ. ಆದರೆ ಮೈಯ ಕೊಬ್ಬಿನಲ್ಲಿ ಅರೋಮಟೇಸ್ ಎಂಬ ಕಿಣ್ವವಿದೆ. ಅದು ಬೇರೆ ಹಾರ್ಮೋನುಗಳನ್ನು ಈಸ್ಟ್ರೋಜೆನ್ ಆಗಿ ಮಾರ್ಪಡಿಸುತ್ತಲೇ ಇರುತ್ತದೆ. ಕೊಬ್ಬು ಹೆಚ್ಚಿದಷ್ಟೂ ಈಸ್ಟ್ರೋಜೆನ್ ಹೆಚ್ಚು. ಅದು ಒಳಪದರವನ್ನು ಬೆಳೆಸುತ್ತದೆ. ಆ ಬೆಳವಣಿಗೆಗೆ ಕಡಿವಾಣ ಹಾಕುತ್ತಿದ್ದ ಪ್ರೊಜೆಸ್ಟೆರಾನ್ ಮುಟ್ಟಿನ ಜೊತೆಗೇ ಹೋಗಿರುತ್ತದೆ. ವರ್ಷಗಟ್ಟಲೆ ಹೀಗೆ ದಪ್ಪವಾಗುವ ಪದರದಲ್ಲಿ ಕೆಲವರಿಗೆ ಕ್ಯಾನ್ಸರ್ ಹುಟ್ಟುತ್ತದೆ. ಸಕ್ಕರೆ ಕಾಯಿಲೆ, ಪಿಸಿಓಡಿ (ಅಂಡಾಶಯದ ಹಾರ್ಮೋನು ಏರುಪೇರಿನ ತೊಂದರೆ) ಇದ್ದವರಿಗೂ ಅಪಾಯ ಹೆಚ್ಚು. ಆದ್ದರಿಂದ ದಿನಾ ನಡೆಯಿರಿ, ತಟ್ಟೆಯಲ್ಲಿ ಅನ್ನ ಇಳಿಸಿ ಸೊಪ್ಪು ಕಾಳು ಏರಿಸಿ.

ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ಲೆಕ್ಕವೇ ಬೇರೆ. ಅದರ ಮೂಲ ಎಚ್‌ಪಿವಿ ವೈರಸ್. ಸಿಗರೇಟು ಸೇದಿದರೆ ಆ ಸೋಂಕು ಕ್ಯಾನ್ಸರ್ ಆಗುವ ಸಾಧ್ಯತೆ ಹೆಚ್ಚುತ್ತದೆ. ತೆಳ್ಳಗಿದ್ದೇನೆ, ಯೋಗ ಮಾಡುತ್ತೇನೆ ಎಂದು ಗರ್ಭಕೊರಳಿನ ಪರೀಕ್ಷೆ ಬಿಡುವಂತಿಲ್ಲ. ಮುಂಬೈಯ ಕೊಳೆಗೇರಿಗಳಲ್ಲಿ ತರಬೇತಿ ಪಡೆದ ಸ್ಥಳೀಯ ಹೆಂಗಸರೇ ಎರಡು ವರ್ಷಕ್ಕೊಮ್ಮೆ ಗರ್ಭಕೊರಳಿಗೆ ಅಸಿಟಿಕ್ ಆಮ್ಲ ಹಚ್ಚಿ ನೋಡಿದ್ದರಿಂದ ಈ ಕ್ಯಾನ್ಸರ್‌ನ ಸಾವು ಶೇ. 31ರಷ್ಟು ಇಳಿಯಿತು. ಅಷ್ಟು ಸರಳ ಪರೀಕ್ಷೆ ಅದು.

ನಿಮ್ಮ ವಿಷಯಕ್ಕೆ ಬರುತ್ತೇನೆ. ತೂಕಕ್ಕಿಂತ ನನಗೆ ಹೆಚ್ಚು ಚಿಂತೆ ಇನ್ನೊಂದರದು. ಮುಟ್ಟು ನಿಂತು ವರ್ಷಗಳಾದ ಮೇಲೆ ಒಂದು ದಿನ ಲಂಗದ ಮೇಲೆ ಕಂದು ಕಲೆ ಕಾಣುತ್ತದೆ. ‘ಉಷ್ಣ ಆಗಿರಬೇಕು’ ಎಂದು ಮೆಂತ್ಯ ನೆನೆಸಿ ಕುಡಿಯುತ್ತೇವೆ. ಹಬ್ಬ ಮುಗಿಯಲಿ, ಮಗಳ ಬಾಣಂತನ ಮುಗಿಯಲಿ ಎಂದು ಮುಂದೂಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಂದ ಹತ್ತರಲ್ಲಿ ಒಂಬತ್ತು ಮಂದಿಗೆ ಮೊದಲ ಸೂಚನೆ ಈ ರಕ್ತವೇ. ಹಾಗೆ ರಕ್ತ ಕಂಡ ಬಹುಪಾಲು ಹೆಂಗಸರಿಗೆ ಕ್ಯಾನ್ಸರ್ ಇರುವುದಿಲ್ಲ ಎಂಬುದೂ ಅಷ್ಟೇ ನಿಜ. ಒಂದೇ ಹನಿ ಕಂಡರೂ ಅದೇ ವಾರ ಸ್ತ್ರೀರೋಗ ತಜ್ಞರ ಬಳಿ ಹೋಗಿ. ಸ್ಕ್ಯಾನ್ ಮಾಡಿ ಪದರದ ದಪ್ಪ ಅಳೆಯುತ್ತಾರೆ, ಬೇಕಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಆರಂಭದಲ್ಲೇ ಸಿಕ್ಕರೆ ಅನೇಕರಿಗೆ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯೊಂದರಲ್ಲೇ ಕಾಯಿಲೆ ವಾಸಿಯಾಗುತ್ತದೆ.