ಬಸಳೆ ಮೊದಲೋ, ಬಳೆ ಮೊದಲೋ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಉಡುಪಿಯಲ್ಲಿ ಯಾರ ಮನೆಗೆ ಹೋದರೂ ಅದೇ ಮಾತು: ಪಿಯುಸಿಗೆ ಬಯಾಲಜಿ ಇರುವ ಪಿಸಿಎಂಬಿಯೋ, ಕಂಪ್ಯೂಟರ್ ಇರುವ ಪಿಸಿಎಂಸಿಯೋ? ಬಯಾಲಜಿ ಇದ್ದರೆ ನೀಟ್ ಬರೆಯಬಹುದು, ಸಿಇಟಿಯೂ ಆಗುತ್ತದೆ, ಕಂಪ್ಯೂಟರನ್ನು ಆಮೇಲೆ ಇಂಜಿನಿಯರಿಂಗ್‌ನಲ್ಲಿ ಓದಿಕೊಂಡರಾಯಿತು. ಈ ಲೆಕ್ಕಾಚಾರದಲ್ಲಿ ತಪ್ಪೇನೂ ಇಲ್ಲ. ನನಗೆ ಸಹಿಸಲಾಗದ್ದು ಅದರ ಬೆನ್ನಿಗೇ ಬರುವ ಇನ್ನೊಂದು ಮಾತು: “ಕಂಪ್ಯೂಟರ್‌ನಲ್ಲಿ ಓದುವುದಕ್ಕೆ ಏನಿದೆ? ಮೊಬೈಲ್ ಹಿಡಿದ ಮಕ್ಕಳಿಗೆ ಎಲ್ಲ ಬರುತ್ತದೆ. ಈಗಂತೂ ಎಐ ಬೇರೆ ಬಂದಿದೆ.”

ಬಸ್ಸಿನ ಕಿಟಕಿ ಪಕ್ಕದಲ್ಲಿ ದಿನವೂ ಕೂತು ಕಾಲೇಜಿಗೆ ಹೋದವರಿಗೆಲ್ಲ ಇಂಜಿನ್ ಬಿಚ್ಚಲು ಬರುತ್ತದೆಯೇ?

ಹೋದ ವರ್ಷ ಉಡುಪಿಯ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಮಾತನಾಡಲು ಕರೆದಿದ್ದರು. ನಾನು ಲ್ಯಾಪ್‌ಟಾಪ್ ಒಯ್ಯಲಿಲ್ಲ, ಕಿಟ್ಟೆಲ್ ನಿಘಂಟನ್ನು ಹೊತ್ತುಕೊಂಡು ಹೋದೆ. 1,700ಕ್ಕೂ ಹೆಚ್ಚು ಪುಟಗಳ ಗ್ರಂಥ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1894ರಲ್ಲಿ ಪ್ರಕಟಿಸಿದ್ದು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಗೆ ‘ಹಲಸು’ ಪದವನ್ನು ಹುಡುಕಲು ಹೇಳಿದೆ. ನಿಯಮ ಒಂದೇ: ಅಂದಾಜು ಮಾಡುವಂತಿಲ್ಲ, ಪ್ರತಿ ಸಲವೂ ಉಳಿದ ಭಾಗದ ನಟ್ಟನಡುವೆಯೇ ತೆರೆಯಬೇಕು. ಮೊದಲ ಸಲ ತೆರೆದಾಗ ‘ಹ’ ಇನ್ನೂ ಮುಂದಿತ್ತು. ಎಡಗೈ ಹಿಡಿದಿದ್ದ ಅಷ್ಟೂ ಪುಟಗಳು ಒಂದೇ ಏಟಿಗೆ ಲೆಕ್ಕದಿಂದ ಹೊರಗೆ. ಉಳಿದ ಅರ್ಧದಲ್ಲಿ ಮತ್ತೆ ಅರ್ಧ. ತರಗತಿ ಒಕ್ಕೊರಲಿನಿಂದ ಎಣಿಸುತ್ತಿತ್ತು. ಹತ್ತನೆಯ ಸಲಕ್ಕೆ ಹಲಸು ಸಿಕ್ಕಿತು.

ಈ ಅರ್ಧಿಸುವ ಉಪಾಯದ ಶಕ್ತಿ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಒಂದರಿಂದ ಶುರುಮಾಡಿ ಹನ್ನೊಂದು ಸಲ ಎರಡರಿಂದ ಗುಣಿಸಿಕೊಂಡು ಹೋದರೆ 2,048 ಬರುತ್ತದೆ. ಆದ್ದರಿಂದ ಅಷ್ಟು ಪುಟಗಳ ಪುಸ್ತಕಕ್ಕೆ ಹನ್ನೊಂದು ಸಲ ತೆರೆದರೆ ಸಾಕು. ಪುಸ್ತಕ ಎರಡು ಪಟ್ಟು ದಪ್ಪವಾದರೆ ಕೆಲಸ ಎರಡು ಪಟ್ಟಾಗುವುದಿಲ್ಲ, ಇನ್ನೊಂದೇ ಒಂದು ಸಲ ಹೆಚ್ಚು ತೆರೆಯಬೇಕು, ಅಷ್ಟೇ. ಭಾರತದ 140 ಕೋಟಿ ಜನರ ಹೆಸರನ್ನು ಅಕಾರಾದಿಯಾಗಿ ಜೋಡಿಸಿಟ್ಟರೆ, ಬೇಕಾದ ಹೆಸರನ್ನು 31 ಹೆಜ್ಜೆಯೊಳಗೆ ಮುಟ್ಟಬಹುದು.

ನಮ್ಮ ಮೆಸ್ಕಾಂ ಲೈನ್‌ಮ್ಯಾನ್‌ಗಳು ಇದನ್ನು ಮಳೆಯಲ್ಲಿ ನೆನೆಯುತ್ತಲೇ ಮಾಡುತ್ತಾರೆ. ಆಟಿ ತಿಂಗಳಲ್ಲಿ ಗಾಳಿಮಳೆಗೆ ಎಲ್ಲೋ ಮರದ ಗೆಲ್ಲು ತಂತಿಯ ಮೇಲೆ ಬಿದ್ದಿದೆ, ಎಲ್ಲೆಂದು ಗೊತ್ತಿಲ್ಲ. ಅರವತ್ತನಾಲ್ಕು ಕಂಬಗಳನ್ನೂ ಟಾರ್ಚ್ ಹಿಡಿದು ನೋಡುತ್ತಾ ಹೋದರೆ ಬೆಳಗಾಗುತ್ತದೆ. ನಡುವಿನ ಕಂಬದಲ್ಲಿ ಲೈನ್ ಬೇರ್ಪಡಿಸಿ ಈಚೆಯ ಅರ್ಧಕ್ಕೆ ಮಾತ್ರ ವಿದ್ಯುತ್ ಹರಿಸಿ ನೋಡಿದರೆ? ಟ್ರಿಪ್ ಆಗದೆ ಉಳಿದರೆ ದೋಷ ಆಚೆ, ಟ್ರಿಪ್ ಆದರೆ ಈಚೆ. ಹೀಗೆ ಅರ್ಧ ಮಾಡುತ್ತಾ ಹೋದರೆ ಆರು ಸಲಕ್ಕೆ ಜಾಗ ಸಿಗಬೇಕು. ಅಡಿಕೆ ತೋಟದ ನೀರಿನ ಪೈಪ್ ಎಲ್ಲಿ ಕಟ್ಟಿಕೊಂಡಿದೆ ಎಂದು ನಡುವೆ ಬಿಚ್ಚಿ ನೋಡುವ ಕೃಷಿಕರದ್ದೂ ಇದೇ ಜಾಣ್ಮೆ. ಆ ಜಾಣ್ಮೆಗೆ ಲೆಕ್ಕ ಕಟ್ಟಿ, ಎಲ್ಲಿ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಪರೀಕ್ಷಿಸುವುದೇ ಕಂಪ್ಯೂಟರ್ ವಿಜ್ಞಾನ.

ಕೈಕೊಡುವುದು ಎಲ್ಲಿ? ಪದಗಳು ಕ್ರಮದಲ್ಲಿ ಇಲ್ಲದಿದ್ದಾಗ. ಕಲಸಿಹಾಕಿದ ನಿಘಂಟಿನಲ್ಲಿ ಅರ್ಧ ಎಸೆಯುವ ಧೈರ್ಯ ಯಾರಿಗೂ ಬಾರದು. 1853ರಲ್ಲಿ ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲ್ ಸುಮಾರು 70 ಸಾವಿರ ಪದಗಳನ್ನು ಕೂಡಿಸಿ, ಅಕಾರಾದಿಯಾಗಿ ಕೂರಿಸಿದರಲ್ಲ, ಆ ಹುಡುಗಿ ಹತ್ತೇ ಸಲಕ್ಕೆ ಹಲಸನ್ನು ಹಿಡಿದದ್ದು ಆ ದುಡಿಮೆಯ ಬಲದಿಂದ. ಈ ಮಣ್ಣಿನಲ್ಲಿ ಅಂಥ ದುಡಿಮೆ ಅಲ್ಲಿಗೇ ನಿಲ್ಲಲಿಲ್ಲ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡದ ಅಕ್ಷರಗಳನ್ನೆಲ್ಲ ಹೊಂದಿಸಿದರು. ಒತ್ತಕ್ಷರಗಳಿಗೆ ಬೇರೆ ಬೇರೆ ಕೀಲಿ ಬೇಡ, ಎರಡು ವ್ಯಂಜನಗಳ ನಡುವೆ ‘ಎಫ್’ ಒತ್ತಿದರೆ ಸಾಕು, ‘ಅಕ್ಕ’ ಮೂಡುತ್ತಾಳೆ. ಕನ್ನಡದ ವ್ಯಾಕರಣವೂ ಯಂತ್ರದ ಮಿತಿಯೂ ಒಂದೇ ತಲೆಯಲ್ಲಿ ಕೂಡಿದ್ದರಿಂದ ಹೊಳೆದ ಉಪಾಯ ಇದು.

ಅಂಥ ತಲೆಗಳು ಇನ್ನೂ ಬೇಕು. ಯಾಕೆಂದರೆ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಬಸಳೆ’, ‘ಬಳೆ’ ಎಂಬ ಎರಡು ಪದಗಳನ್ನು ಕೊಟ್ಟು ಕ್ರಮವಾಗಿ ಜೋಡಿಸು ಎಂದರೆ ಅದು ಬಳೆಯನ್ನು ಮೊದಲಿಡುತ್ತದೆ. ನಿಘಂಟಿನಲ್ಲಿ ಬಸಳೆ ಮೊದಲು, ಏಕೆಂದರೆ ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಗೆ, ‘ಹ’ ಆದ ಮೇಲೆ ಬರುತ್ತದೆ. ಯಂತ್ರಕ್ಕೆ ಅಕ್ಷರ ಎಂದರೆ ಸಂಖ್ಯೆ. ಲೋಕದ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿಯಾದ ಯುನಿಕೋಡ್‌ನಲ್ಲಿ ‘ಳ’ ಅಕ್ಷರಕ್ಕೆ 3251, ‘ವ’ಕ್ಕೆ 3253, ‘ಸ’ಕ್ಕೆ 3256. ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚಿನ ಪಟ್ಟಿ ಮಾಡುವಾಗ ‘ಳ’ ಹೋಗಿ ‘ಲ’ದ ಪಕ್ಕ ಕೂತಿತು. ಇದನ್ನು ಸರಿಪಡಿಸುವ ಸಲಕರಣೆಗಳು ಇವೆ. ಆದರೆ ತಪ್ಪಾಗಿದೆ ಎಂದು ಮೊದಲು ಕಾಣುವುದು ಯಾರ ಕಣ್ಣಿಗೆ? ಎಐ ಬರೆದುಕೊಟ್ಟ ಪ್ರೋಗ್ರಾಮ್‌ನಲ್ಲೂ ಇದೇ ತಪ್ಪು ಇರಬಹುದು. ಬಳೆ, ಬಸಳೆ ಎರಡನ್ನೂ ಬಲ್ಲ, ಸಂಖ್ಯೆಯ ಗುಟ್ಟನ್ನೂ ಬಲ್ಲ ಕಣ್ಣಿಗೆ ಮಾತ್ರ ಅದು ಬೀಳುತ್ತದೆ.

ಕಂಪ್ಯೂಟರ್ ಜಾತಕವನ್ನು ಜನ ನಂಬುವುದೂ ಈ ಗುಟ್ಟು ತಿಳಿಯದೆಯೇ. ಗ್ರಹಗಳ ಸ್ಥಾನವನ್ನು ಯಂತ್ರ ಕರಾರುವಾಕ್ಕಾಗಿ ಲೆಕ್ಕ ಹಾಕೀತು. ಅದರ ಕೆಳಗೆ ಅಚ್ಚಾಗುವ ‘ಫಲ’ ಮಾತ್ರ ಯಾರೋ ಮೊದಲೇ ತುಂಬಿಸಿಟ್ಟ ವಾಕ್ಯ. ಪ್ರಿಂಟರ್‌ನಿಂದ ಹೊರಬಂದ ಮಾತ್ರಕ್ಕೆ ಅದು ಸತ್ಯವಾಗುವುದಿಲ್ಲ. ಹತ್ತು ಸಾಲಿನ ಪ್ರೋಗ್ರಾಮ್ ಸ್ವತಃ ಬರೆದ ಮಗುವಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆ ದಿನ ‘ಳ’ದ ಕತೆ ಹೇಳಿ ನಾನು ನಿಘಂಟನ್ನು ಚೀಲಕ್ಕೆ ಹಾಕುತ್ತಿದ್ದಾಗ ಅದೇ ಹುಡುಗಿ ಬಂದಳು. “ಸರ್, ಅದರ ನಂಬರ್ ಬದಲಿಸಲು ಆಗುವುದಿಲ್ಲವಾದರೆ, ನಾವೇ ಇನ್ನೊಂದು ಪಟ್ಟಿ ಮಾಡಿ ಅದನ್ನು ನೋಡಿ ಜೋಡಿಸು ಎಂದು ಹೇಳಬಹುದಲ್ಲ?” ಎಂದಳು. ಅವಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ‘ಅ’ ಮುಂದೆ 1, ‘ಆ’ ಮುಂದೆ 2 ಎಂದು ಶುರುವಾಗಿ, ‘ಹ’ ಆದ ಮೇಲೆ, ಎಲ್ಲಕ್ಕಿಂತ ಕೊನೆಯಲ್ಲಿ ‘ಳ’ ಇತ್ತು.