ಒಬ್ಬ ರೋಗಿ, ಎರಡು ಪಥ್ಯ: ಟಿಬಿ ಮತ್ತು ಶುಗರ್ ನಂಟಿನ ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯ ಊರುಗಳಲ್ಲಿ ಯಾರಿಗಾದರೂ ಟಿಬಿ ಅಂತ ಗೊತ್ತಾದರೆ, ನೋಡಲು ಬರುವವರ ಕೈಯಲ್ಲಿ ಬಾಳೆಹಣ್ಣು, ಬ್ರೆಡ್, ಗ್ಲೂಕೋಸ್ ಪುಡಿ ಇರುತ್ತವೆ. "ಚಲೋತ್ನಂಗ ಉಣ್ರಿ ಕಾಕಾ, ಮೈ ಹಿಡೀಬೇಕು" ಅನ್ನುತ್ತಾರೆ. ಅದೇ ಕಾಕಾಗೆ ಮೊದಲೇ ಶುಗರ್ ಇದ್ದರೆ? ಶುಗರ್ ಡಾಕ್ಟರು ಬೆಲ್ಲ ಬಿಡಿಸಿದ್ದಾರೆ, ಅನ್ನ ಕಮ್ಮಿ ಮಾಡಿಸಿದ್ದಾರೆ. ಯಾರ ಮಾತು ಕೇಳಬೇಕು?

ಈ ಗೊಂದಲ ಹೊಸದಲ್ಲ. 1882ರಲ್ಲಿ ರಾಬರ್ಟ್ ಕಾಕ್ ಟಿಬಿ ರೋಗಾಣುವನ್ನು ಕಂಡುಹಿಡಿದರು. ಅದನ್ನು ಕೊಲ್ಲುವ ಔಷಧಿ ಮಾತ್ರ ಆಗ ಇರಲಿಲ್ಲ. ರೋಗಿಗಳನ್ನು ಸ್ಯಾನಿಟೋರಿಯಂ ಅನ್ನುವ ಟಿಬಿ ಆರೈಕೆ ಕೇಂದ್ರದಲ್ಲಿ ಇಟ್ಟು ಒಳ್ಳೆಯ ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ, ಹೊಟ್ಟೆ ತುಂಬ ಊಟ ಕೊಡುತ್ತಿದ್ದರು. ನಮ್ಮ ಬೆಳಗಾವಿಗೆ ಹತ್ತಿರದ ಮಿರಜದ ಬಳಿಯೂ ಅಂಥದ್ದೊಂದಿತ್ತು. ಶುಗರ್‌ಗೂ ಆಗ ಔಷಧಿ ಇರಲಿಲ್ಲ. 1910ರ ದಶಕದಲ್ಲಿ ಅಮೆರಿಕದ ಡಾಕ್ಟರ್ ಫ್ರೆಡರಿಕ್ ಅಲೆನ್ ರೋಗಿಗಳನ್ನು ಅರೆಹೊಟ್ಟೆಯಲ್ಲಿಟ್ಟು ಒಂದಷ್ಟು ದಿನ ಬದುಕಿಸುತ್ತಿದ್ದರು. ಒಬ್ಬರಿಗೇ ಎರಡೂ ಬಂದರೆ ಉಣ್ಣಿಸಿದರೂ ಕಷ್ಟ, ಉಪವಾಸ ಕೆಡವಿದರೂ ಕಷ್ಟ. ಆ ಕಾಲದಲ್ಲಿ ಶುಗರ್ ಇದ್ದ ಎಷ್ಟೋ ಜನ ಕೊನೆಗೆ ಟಿಬಿಯಿಂದಲೇ ಸತ್ತರು.

1922ರಲ್ಲಿ ಟೊರಾಂಟೊದಲ್ಲಿ ಮೊದಲ ಸಲ ರೋಗಿಗೆ ಇನ್ಸುಲಿನ್ ಕೊಟ್ಟರು. 1934ರಲ್ಲಿ ಬಾಸ್ಟನ್ನಿನ ಡಾಕ್ಟರ್ ಹೋವರ್ಡ್ ರೂಟ್ ಈ ಎರಡು ಕಾಯಿಲೆಗಳ ನಂಟಿನ ಬಗ್ಗೆ ವಿವರವಾಗಿ ಬರೆದರು. ಶುಗರ್ ಹತೋಟಿ ತಪ್ಪಿದವರಿಗೆ ಟಿಬಿ ಅಂಟುವುದು ಜಾಸ್ತಿ ಅನ್ನುವುದು ಆಗಲೇ ಗೊತ್ತಿತ್ತು.

ಆಮೇಲೆ ಟಿಬಿ ರೋಗಾಣು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಔಷಧಿ ಬಂತು, ಬೇರೆ ಮಾತ್ರೆಗಳು ಬಂದವು. ಮನೆಯಲ್ಲೇ ಇದ್ದು ಔಷಧಿ ತೆಗೆದುಕೊಂಡರೂ ಟಿಬಿ ವಾಸಿಯಾಗುತ್ತದೆ ಅಂತ 1959ರಲ್ಲಿ ಮದ್ರಾಸಿನ ಅಧ್ಯಯನ ತೋರಿಸಿತು. ದೊಡ್ಡ ಗೆಲುವು ಅದು. ಆದರೆ ಟಿಬಿಗೆ ಒಂದು ಕಡೆ ಚೀಟಿ, ಶುಗರ್‌ಗೆ ಇನ್ನೊಂದು ಕಡೆ ಫೈಲು ಅಂತಾಯಿತು. ರೂಟ್ ಹೇಳಿದ ಮಾತು ದಶಕಗಟ್ಟಲೆ ಹಿಂದೆ ಸರಿಯಿತು. ನನಗೆ ಬೇಜಾರು ತರುವುದು ಇದೇ.

ಶುಗರ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಉಳಿದವರಿಗಿಂತ ಎರಡು-ಮೂರು ಪಟ್ಟು ಹೆಚ್ಚು. ರಕ್ತದಲ್ಲಿ ಸಕ್ಕರೆ ಏರಿದಾಗ ರೋಗಾಣುವನ್ನು ನುಂಗಬೇಕಾದ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಇತ್ತ ಟಿಬಿ ಸೋಂಕೇ ಸಕ್ಕರೆ ಏರಿಸುತ್ತದೆ. ಎರಡರಲ್ಲೂ ತೂಕ ಇಳಿಯುತ್ತದೆ, ಸುಸ್ತಾಗುತ್ತದೆ. ಹಾಗಾಗಿ "ಶುಗರ್‌ನಿಂದ ಸೊರಗಿದೀನಿ ಬಿಡು" ಅಂತ ಸುಮ್ನೆ ಇರುವವರೇ ಜಾಸ್ತಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡೂ ಕಾಯಿಲೆಗಳನ್ನು ಜೊತೆಯಾಗಿ ನೋಡಿ ಎಂದಿತು. 2017ರಲ್ಲಿ ಭಾರತವೂ ತನ್ನದೇ ಚೌಕಟ್ಟು ರೂಪಿಸಿತು: ಟಿಬಿ ರೋಗಿಗೆ ಶುಗರ್ ತಪಾಸಣೆ, ಶುಗರ್ ರೋಗಿಗೆ ಟಿಬಿ ಲಕ್ಷಣಗಳ ವಿಚಾರಣೆ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ ಶುಗರ್ ಇರುವವರು 10 ಕೋಟಿಗೂ ಹೆಚ್ಚು. ಇಷ್ಟು ಜನರನ್ನು ಕೆಮ್ಮಿನ ಬಗ್ಗೆ ಒಂದು ಮಾತು ಕೇಳಲು ಖರ್ಚೇನೂ ಇಲ್ಲ, ಅಲ್ವಾ?

ಊಟದ ಜಗಳಕ್ಕೂ ದಾರಿಯಿದೆ. ಟಿಬಿ ರೋಗಿಗೆ ಬೇಕಾದ್ದು ಮೈ ತುಂಬುವ ಊಟ, ಸಿಹಿ ಅಲ್ಲ. ಜೋಳದ ರೊಟ್ಟಿ, ಮಡಕೆ ಕಾಳಿನ ಪಲ್ಯ, ಬೇಳೆ, ಮೊಟ್ಟೆ, ಶೇಂಗಾ ಹಿಂಡಿ, ಮೊಸರು ಎಲ್ಲ ನಮ್ಮ ಅಡುಗೆಮನೆಯಲ್ಲೇ ಇವೆ. ರೊಟ್ಟಿ ಎಷ್ಟು ಅನ್ನುವುದನ್ನು ಡಾಕ್ಟರನ್ನು ಕೇಳಿ ಗೊತ್ತು ಮಾಡಿಕೊಂಡರಾಯಿತು. ಪೌಷ್ಟಿಕ ಆಹಾರಕ್ಕೆ ಸರ್ಕಾರ 2018ರಿಂದ ಟಿಬಿ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಆ ದುಡ್ಡು ಗ್ಲೂಕೋಸ್ ಪುಡಿಗೆ ಹೋಗದೆ ಮೊಟ್ಟೆಗೆ, ಬೇಳೆಗೆ ಹೋಗಲಿ.

ಮಾತ್ರೆಗಳ ವಿಷಯ ಇನ್ನೂ ಸೂಕ್ಷ್ಮ. ಮೂತ್ರ ಕೆಂಪಗಾಗಿಸುವ ಟಿಬಿ ಔಷಧಿ ರಿಫಾಂಪಿಸಿನ್, ಲಿವರ್ ಬೇರೆ ಔಷಧಿಗಳನ್ನು ಬೇಗ ಕರಗಿಸಿಬಿಡುವಂತೆ ಮಾಡುತ್ತದೆ. ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆಯ ಬಲ ಇದರಿಂದ ಕುಂದುತ್ತದೆ. ಹಾಗಾಗಿ ಡಾಕ್ಟರು ಡೋಸ್ ಹೆಚ್ಚಿಸಬಹುದು, ಇಲ್ಲವೇ ಕೆಲವು ತಿಂಗಳು ಇನ್ಸುಲಿನ್ ಕೊಡಬಹುದು. ಇನ್ಸುಲಿನ್ ಅಂದ ಕೂಡಲೇ ಹೆದರುವುದು ಬೇಡ. ಸಾಮಾನ್ಯವಾಗಿ ಆರು ತಿಂಗಳಿಗೆ ಟಿಬಿ ಮಾತ್ರೆ ಮುಗಿಯುತ್ತದೆ. ಅದಾಗಿ ಎರಡು ವಾರದ ಹೊತ್ತಿಗೆ ಲಿವರ್ ಮೊದಲಿನಂತಾಗುತ್ತದೆ. ಆಗ ಹೆಚ್ಚಿಸಿದ ಶುಗರ್ ಡೋಸನ್ನೇ ಮುಂದುವರಿಸಿದರೆ ಸಕ್ಕರೆ ದಿಢೀರ್ ಇಳಿದು ಬೆವರು, ನಡುಕ, ತಲೆ ಸುತ್ತು ಬರಬಹುದು. ಟಿಬಿ ಕೋರ್ಸ್ ಮುಗಿದ ವಾರವೇ ಶುಗರ್ ಡಾಕ್ಟರ ಹತ್ತಿರ ಹೋಗಿ, ಎರಡೂ ಚೀಟಿಗಳನ್ನು ಮುಂದಿಡಿ.